ಕರೆಂಟು, ನೀರು ಎಲ್ಲಾ ಸೇರಿ 7,000ದೊಳಗೆ ಮಂಗಳೂರಿನಲ್ಲಿ ಬಾಡಿಗೆ ಮನೆ ಸಿಗುತ್ತದಾ?

ಹೊಲಿಗೆಮೆಷಿನ್:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಾವು ಜೆಪ್ಪುವಿನಲ್ಲಿ ಹಳೇ ಹೆಂಚಿನ ಲೈನ್ ಮನೆಯಲ್ಲಿ 6 ವರ್ಷದಿಂದ ಇದ್ದೇವೆ. ಸಾಲಾಗಿ 5 ಮನೆ, ಹಿಂದೆ ಒಂದು ಬಾವಿ, ಒಂದು ಬಟ್ಟೆ ಒಗೆಯುವ ಕಲ್ಲು. ಈಗ ಓನರ್ ಜಾಗವನ್ನು ಬಿಲ್ಡರಿಗೆ ಕೊಟ್ಟಿದ್ದಾರೆ. ಫ್ಲಾಟ್ ಬರುತ್ತದಂತೆ. ಮಳೆ ಹಿಡಿಯುವ ಮೊದಲು ಕೆಡವಬೇಕು, ಮೇ ಕೊನೆಗೆ ಖಾಲಿ ಮಾಡಿ ಅಂದಿದ್ದಾರೆ. ಅವರನ್ನು ದೂರುವುದಿಲ್ಲ, ಎರಡು ತಿಂಗಳು ಮೊದಲೇ ಹೇಳಿದರು.

ನಾನು ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಟೈಲರ್. ಸಂಬಳ 11,000. ರಾತ್ರಿ ಮನೆಯಲ್ಲಿ ಬ್ಲೌಸು, ಫಾಲ್ಸು ಅಂತ ಹೊಲಿದರೆ ಇನ್ನೊಂದು 2,000 ಸಿಗುತ್ತದೆ. ಗಂಡ ಸೆಂಟ್ರಿಂಗ್ ಕೆಲಸ. ಕೆಲಸ ಇದ್ದ ದಿನ 800. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ 6 ದಿನ ಸಿಕ್ಕಿದರೆ ಪುಣ್ಯ. ಮಗಳು 4ನೇ ಕ್ಲಾಸು.

ಅದಕ್ಕೇ ನನಗೆ "ಎಲ್ಲಾ ಸೇರಿ ಇಷ್ಟು" ಅನ್ನುವ ಮನೆ ಬೇಕು. ಬಾಡಿಗೆ ಒಂದು, ಕರೆಂಟು ಒಂದು, ನೀರು ಒಂದು, ಮೋಟಾರಿನ ಪಾಲು ಒಂದು ಅಂತ ಬಂದರೆ ಮಳೆಗಾಲದಲ್ಲಿ ಯಾವುದನ್ನು ಮೊದಲು ಕೊಡಬೇಕು ಅಂತಲೇ ಗೊತ್ತಾಗುವುದಿಲ್ಲ. ಹೋದ ತಿಂಗಳ ಲೆಕ್ಕ ಕೊಡುತ್ತೇನೆ. ಬಾಡಿಗೆ 5,500. ಸಬ್ ಮೀಟರ್ 78 ಯೂನಿಟ್, ಯೂನಿಟ್ಟಿಗೆ 10ರಂತೆ 780. ನೀರಿಗೆ 300. ಮೋಟಾರಿನ ಕರೆಂಟು 150. ಒಟ್ಟು 6,730. ಹಾಗಾಗಿ 7,000 ಅಂದೆ. ಅದಕ್ಕಿಂತ ಮೇಲೆ ಹೋದರೆ ಅನ್ನ ಕಡಿಮೆ ಮಾಡಬೇಕು.

ಮೂರು ವಾರದಿಂದ ಹುಡುಕುತ್ತಿದ್ದೇವೆ. ಒಬ್ಬ ಬ್ರೋಕರ್ ಮನೆ ತೋರಿಸಲಿಕ್ಕೇ 500 ತಗೊಂಡ. ತೋರಿಸಿದ ಮನೆಯಲ್ಲಿ ಆಗಲೇ ಜನ ಇದ್ದರು! ಅಲ್ಲಿನ ಅಮ್ಮ ಬಾಗಿಲಲ್ಲಿ ಚಮಚ ಹಿಡಿದು ನಿಂತು "ನಾವೆಲ್ಲಿಗೂ ಹೋಗುವುದಿಲ್ಲ" ಅಂದರು.

ಆಮೇಲೆ ಕುಲಶೇಖರದ ಹತ್ತಿರ "ಕರೆಂಟು ನೀರು ಸೇರಿ 6,500" ಅಂತ ಬೋರ್ಡು ನೋಡಿ ಓಡಿದೆವು. ಟೆರೇಸಿನ ಮೇಲೆ ಶೀಟು ಹಾಕಿದ ಒಂದು ರೂಮು, ಒಂದು ಅಡುಗೆ ಕೋಣೆ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ನಿಲ್ಲಲಿಕ್ಕಾಗಲಿಲ್ಲ. ಪರವಾಗಿಲ್ಲ ಅಂತ ಮನಸ್ಸು ಮಾಡಿದೆ. ಆಗ ಓನರಮ್ಮ ಕೇಳಿದರು, ಫ್ರಿಜ್ ಉಂಟಾ? ಇಲ್ಲ. ಇಸ್ತ್ರಿ? ಉಂಟು. ಭಾನುವಾರ ಮಾತ್ರ ಹಾಕಿ. ಮತ್ತೆ ಎಂತ ಉಂಟು? ಹೊಲಿಗೆ ಮೆಷಿನ್, ಮೋಟಾರಿನದ್ದು. "ಹಾಗಾದರೆ 500 ಜಾಸ್ತಿ." ಮೇನ್ ಸ್ವಿಚ್ಚು ಅವರ ಮನೆಯ ಹಾಲ್‌ನಲ್ಲಿ. ರಾತ್ರಿ ಹತ್ತೂವರೆಗೆ ನಾನು ಬ್ಲೌಸಿಗೆ ಕೈ ಕೂರಿಸುವಾಗ ಅವರು ಕೆಳಗೆ ಫ್ಯೂಸ್ ನೋಡುತ್ತಾ ಕೂತಿರುವ ಹಾಗೆ ಅನ್ನಿಸಿತು. ಬಿಟ್ಟು ಬಂದೆವು.

ಇನ್ನೊಂದು ವಿಷಯ. ನಾವು ಹಾವೇರಿ ಕಡೆಯವರು. ನಮಗೆ ತುಳು ಬರುವುದಿಲ್ಲ, ಮಗಳಿಗೆ ಚೆನ್ನಾಗಿ ಬರುತ್ತದೆ. ಪಡೀಲಿನಲ್ಲಿ ಒಂದು ಮನೆ ಓನರ್ ನಮ್ಮ ಎದುರು ನಗುತ್ತಾ "ಫೋನ್ ಮಾಡುತ್ತೇನೆ" ಅಂದು, ಪಕ್ಕದವರ ಹತ್ತಿರ ತುಳುವಿನಲ್ಲಿ ಏನೋ ಹೇಳಿದರು. ಗೇಟು ದಾಟಿದ ಮೇಲೆ ಮಗಳು, "ಅಮ್ಮಾ, ಘಟ್ಟದವರಿಗೆ ಕೊಡುವುದಿಲ್ಲ ಅಂತ ಹೇಳಿದರು" ಅಂದಳು. ಈಗ ಅವಳನ್ನು ಮನೆ ನೋಡಲಿಕ್ಕೆ ಕರಕೊಂಡು ಹೋಗುವುದಿಲ್ಲ.

ಯಾವ ಏರಿಯಾದಲ್ಲಿ ಹುಡುಕಬೇಕು? ಸರ್ಕಾರದ್ದು ಕಡಿಮೆ ಬಾಡಿಗೆಯ ಮನೆ ಅಂತ ಏನಾದರೂ ಉಂಟಾ?

ಪಂಪ್‌ವೆಲ್ ಟ್ರಾಫಿಕ್:

ಸಿಟಿ ಒಳಗೆ 7,000ಕ್ಕೆ ಎಲ್ಲಾ ಸೇರಿ? ಕನಸು ಮಾರಾಯ್ರೆ. ಕದ್ರಿ, ಬಿಜೈ, ಅತ್ತಾವರ ಮರೆತುಬಿಡಿ. ಆ ಕಡೆ ಬೈಕ್ ಇಡುವ ಜಾಗಕ್ಕೇ ಬಾಡಿಗೆ ಕೇಳುತ್ತಾರೆ.

ಟೆಸ್ಟರ್:

ಅಕ್ಕಾ, ನಾನು ವಯರಿಂಗ್ ಕೆಲಸದವ, ನಾನೂ ಬಾಡಿಗೆ ಮನೆಯವನೇ. ಒಂದು ಮಾತು ಹೇಳುತ್ತೇನೆ, ಉಲ್ಟಾ ಅನ್ನಿಸಬಹುದು. "ಕರೆಂಟು ಸೇರಿ" ಅನ್ನುವ ಮನೆ ಹುಡುಕಬೇಡಿ. ಬೇರೆ ಮೀಟರ್ ಇರುವ ಮನೆ ಹುಡುಕಿ.

ಯಾಕೆ ಅಂದರೆ ಗೃಹಜ್ಯೋತಿ, ಮನೆಗಳಿಗೆ ಫ್ರೀ ಕರೆಂಟು ಕೊಡುವ ಸರ್ಕಾರದ ಯೋಜನೆ. 2023ರಿಂದ ಉಂಟಲ್ವಾ? ಅದು ಮನೆ ಓನರಿಗೆ ಮಾತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅಲ್ಲ, ಬಾಡಿಗೆಯವರಿಗೂ ಉಂಟು. ನಿಮ್ಮ ಆಧಾರ್, ಆ ಮೀಟರಿನ ಬಿಲ್ಲಿನಲ್ಲಿರುವ ಅಕೌಂಟ್ ನಂಬರ್, ಬಾಡಿಗೆ ಕರಾರು ಪತ್ರ ಅಥವಾ ಆ ವಿಳಾಸದ ವೋಟರ್ ಐಡಿ. ಇಷ್ಟಿದ್ದರೆ ಸರ್ಕಾರದ ವೆಬ್‌ಸೈಟ್ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಮೊಬೈಲಿನಲ್ಲಿ ಆಗದಿದ್ದರೆ ಕರ್ನಾಟಕ ಒನ್‌ಗೆ ಹೋಗಿ.

ಈಗ ನಿಮ್ಮದು 5 ಮನೆಗೆ ಒಂದೇ ಮೀಟರ್, ಒಳಗೆ ಸಬ್ ಮೀಟರ್. ಕರೆಂಟು ಕಂಪನಿ ಮೆಸ್ಕಾಂ ಲೆಕ್ಕದಲ್ಲಿ ಅದು ಒಂದೇ ಮನೆ. ಐದು ಮನೆ ಸೇರಿದರೆ 200 ಯೂನಿಟ್ ದಾಟಿಯೇ ದಾಟುತ್ತದೆ. 200 ದಾಟಿದರೆ ಒಂದು ಪೈಸೆಯೂ ಫ್ರೀ ಇಲ್ಲ, ಪೂರ್ತಿ ಬಿಲ್ಲು. ಓನರ್ ಅದನ್ನು ನಿಮ್ಮ ಮೇಲೆ ಹಂಚುತ್ತಾರೆ. ಆದರೂ ಯೂನಿಟ್ಟಿಗೆ 10 ಅನ್ನುವುದು ಜಾಸ್ತಿಯೇ. ಮನೆ ಬಳಕೆಯ ದರ 6 ರೂಪಾಯಿಯ ಆಸುಪಾಸು. ಮೇಲೆ ಫಿಕ್ಸ್ಡ್ ಚಾರ್ಜು, ಟ್ಯಾಕ್ಸು ಅಂತ ಸೇರಿಸಿ ರೌಂಡು ಮಾಡಿರಬೇಕು.

ಬೇರೆ ಮೀಟರ್ ಇದ್ದರೆ ಲೆಕ್ಕವೇ ಬೇರೆ. ಪ್ರತಿ ಮೀಟರಿಗೂ 200 ಫ್ರೀ ಅಲ್ಲ, ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಆ ಮೀಟರಿನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ. 10 ಸೇರಿಸಿ ಅಷ್ಟು ಫ್ರೀ. ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಶೇ. 10ರ ಬದಲು 10 ಯೂನಿಟ್ ಅಂತ ಮಾಡಿದರು. ಹೊಸ ಕನೆಕ್ಷನ್ ಆದರೆ 58 ಯೂನಿಟ್. ಅದಕ್ಕಿಂತ ಮೇಲೆ ಓಡಿದ್ದಕ್ಕೆ, 200ರ ಒಳಗೆ ಇದ್ದರೆ, ಮೇಲಿನದ್ದಕ್ಕೆ ಮಾತ್ರ ದುಡ್ಡು.

ನಿಮ್ಮದು 78 ಅಲ್ವಾ. 58ರ ಮೀಟರ್ ಸಿಕ್ಕಿತು ಅಂತ ಇಟ್ಟುಕೊಳ್ಳಿ. 20 ಯೂನಿಟ್ಟಿಗೆ 150ರ ಒಳಗೆ ಮುಗಿಯುತ್ತದೆ. 780 ಎಲ್ಲಿ, 150 ಎಲ್ಲಿ! ಮಳೆಗಾಲದಲ್ಲಿ ಫ್ಯಾನ್ ಕಡಿಮೆ, ಆಗ ಸೊನ್ನೆಯೂ ಬರಬಹುದು. ನಿಮಗೆ ದುಡ್ಡು ಕಡಿಮೆ ಇರುವ ತಿಂಗಳಿನಲ್ಲೇ ಬಿಲ್ಲೂ ಕಡಿಮೆ.

ಇನ್ನು ನಿಮ್ಮ ಹೊಲಿಗೆ ಮೆಷಿನ್. ಮೋಟಾರು 100 ವ್ಯಾಟ್ ಅಂತ ಹಿಡಿಯಿರಿ. ದಿನಕ್ಕೆ 3 ಗಂಟೆ ಎಡೆಬಿಡದೆ ಓಡಿಸಿದರೂ ತಿಂಗಳಿಗೆ 9 ಯೂನಿಟ್. 55 ರೂಪಾಯಿಯೂ ಇಲ್ಲ. ಅದಕ್ಕೆ 500 ಕೇಳಿದರಲ್ಲ, ಆ ಓನರಮ್ಮನಿಗೆ ಒಂದು ನಮಸ್ಕಾರ.

ಮನೆ ನೋಡಲಿಕ್ಕೆ ಹೋದಾಗ ಮೊದಲು ಗೋಡೆಯ ಬಣ್ಣ ನೋಡಬೇಡಿ. ಹೊರಗೆ ಬೋರ್ಡಿನಲ್ಲಿ ಮೀಟರ್ ಎಷ್ಟು ಉಂಟು ಅಂತ ಎಣಿಸಿ. ಒಂದು ಹಳೇ ಬಿಲ್ಲು ಕೇಳಿ. ಅಂಗಡಿ ಕನೆಕ್ಷನ್ ಆಗಿದ್ದರೆ ಬೇಡ, ಅದಕ್ಕೆ ಗೃಹಜ್ಯೋತಿ ಇಲ್ಲ.

ಔಟ್‌ಹೌಸ್:

ನಾನು ಓನರ್ ಕಡೆಯವ. ಬೈಯಬೇಡಿ.

ಟೆಸ್ಟರ್ ಹೇಳಿದ್ದು ಸರಿ. ನಮ್ಮ ಔಟ್‌ಹೌಸ್ ಮೊದಲು "ಎಲ್ಲಾ ಸೇರಿ" ಅಂತಲೇ ಕೊಡುತ್ತಿದ್ದೆವು. ಮೀಟರ್ ಒಂದೇ. ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೆ ಸಿಕ್ಕಿದ್ದು 101 ಯೂನಿಟ್. ಔಟ್‌ಹೌಸಿಗೆ ಬಂದ ಹುಡುಗರು ಇಂಡಕ್ಷನ್ ಒಲೆ, ನೀರು ಕಾಯಿಸುವ ಕಾಯಿಲ್ ಎಲ್ಲಾ ಇಟ್ಟುಕೊಂಡರು. ಒಂದು ತಿಂಗಳು 214 ಬಂತು. ನಮ್ಮದೂ ಹೋಯಿತು, ಪೂರ್ತಿ ಬಿಲ್ಲು ಕಟ್ಟಿದೆ. 14 ಯೂನಿಟ್ಟಿಗೋಸ್ಕರ! ಅಂದಿನಿಂದ ನಾನೂ ಇಸ್ತ್ರಿ ಎಷ್ಟು ಹೊತ್ತು ಹಾಕಿದರು ಅಂತ ನೋಡುವ ಜನ ಆದೆ. ಹೆಂಡತಿ ನಗುತ್ತಾಳೆ. ಆ ಕುಲಶೇಖರದ ಅಮ್ಮನ ಕಥೆಯೂ ಇದೇ ಇರಬಹುದು. 500 ಕೇಳಿದ್ದು ಮಾತ್ರ ಅನ್ಯಾಯ.

ಈಗ ಔಟ್‌ಹೌಸಿಗೆ ಬೇರೆ ಕನೆಕ್ಷನ್ ತೆಗೆಸಿದ್ದೇನೆ. ಬಾಡಿಗೆಯವರು ಅವರ ಆಧಾರ್ ಹಾಕಿಕೊಂಡಿದ್ದಾರೆ. ಒಂದು ಆಧಾರಿಗೆ ಒಂದೇ ಮೀಟರ್, ಹಾಗಾಗಿ ನಾನೇ ಎರಡಕ್ಕೂ ಹಾಕಲಿಕ್ಕೆ ಆಗುವುದೂ ಇಲ್ಲ. ಕಿರಿಕಿರಿ ಮುಗಿಯಿತು.

ಕೆಲವು ಓನರ್‌ಗಳು ಕರಾರು ಪತ್ರ ಮಾಡಲಿಕ್ಕೆ ಹೆದರುತ್ತಾರೆ. ಮಾಡಿದರೆ ಮನೆ ಬಿಡುವುದಿಲ್ಲ ಅಂತ. 11 ತಿಂಗಳದ್ದು ಮಾಡಿ ಅಂತ ನೀವೇ ಮೊದಲು ಹೇಳಿ, ಸ್ಟಾಂಪ್ ಪೇಪರಿನ ಖರ್ಚು ನಾವೇ ಕೊಡುತ್ತೇವೆ ಅನ್ನಿ. ಅರ್ಧ ಹೆದರಿಕೆ ಅಲ್ಲೇ ಹೋಗುತ್ತದೆ.

ನಮ್ಮದು ಸದ್ಯ ಖಾಲಿ ಇಲ್ಲ, ಇದ್ದಿದ್ದರೆ ಕೊಡುತ್ತಿದ್ದೆ. ಘಟ್ಟದವರು ಅಂತ ನೋಡುವವ ನಾನಲ್ಲ.

ಫರಂಗಿಪೇಟೆ ಅಕ್ಕ:

ಎರಡು ವಿಷಯ ಯಾರೂ ಹೇಳಲಿಲ್ಲ. ನೀರು ಮತ್ತೆ ಬಸ್ಸು.

ನೀರು ಸೇರಿ ಅಂದರೆ ಯಾವ ನೀರು ಅಂತ ಕೇಳಿ. ನಲ್ಲಿ ನೀರಾ, ಬಾವಿಯದ್ದಾ, ಟ್ಯಾಂಕರಾ? ಸಿಟಿಗೆ ನೀರು ಬರುವುದು ನಮ್ಮ ಪಕ್ಕದ ತುಂಬೆ ಡ್ಯಾಮಿನಿಂದ. ಮಳೆ ತಡವಾದ ವರ್ಷ, 2019ರಲ್ಲಿ, ಮತ್ತೆ 2023ರಲ್ಲಿ, ಮೇ ತಿಂಗಳಲ್ಲಿ ರೇಷನಿಂಗ್ ಮಾಡಿದರು. ಆಗ "ನೀರು ಸೇರಿ" ಅಂದ ಓನರ್‌ಗಳೇ ಟ್ಯಾಂಕರಿನ ದುಡ್ಡು ಬಾಡಿಗೆಯವರ ಹತ್ತಿರ ಕೇಳಿದ್ದು ನೋಡಿದ್ದೇನೆ. ಟ್ಯಾಂಕರ್ ಬಂದರೆ ಯಾರು ಕೊಡುವುದು ಅಂತ ಕರಾರಿನಲ್ಲೇ ಬರೆಸಿ.

ಬಾವಿ ಇದ್ದರೆ ಇಣುಕಿ ನೋಡಿ ಬರಬೇಡಿ, ಒಂದು ಕೊಡ ಸೇದಿ ಕುಡಿಯಿರಿ. ಬೋಳಾರ, ಉಳ್ಳಾಲ ಕಡೆ, ಹೊಳೆ ಸಮುದ್ರ ಸೇರುವಲ್ಲಿ, ಬೇಸಿಗೆಯಲ್ಲಿ ಕೆಲವು ಬಾವಿ ಉಪ್ಪಾಗುತ್ತದೆ. ನೀವು ಹುಡುಕುತ್ತಿರುವುದು ಏಪ್ರಿಲಿನಲ್ಲಿ ಆದದ್ದು ಒಳ್ಳೆಯದೇ ಆಯಿತು. ಈಗ ಸಿಹಿ ಇದ್ದರೆ ಹೆಚ್ಚಾಗಿ ವರ್ಷ ಇಡೀ ಸಿಹಿ.

ಆದರೆ ಗೋಡೆಯ ಚಂಡಿ, ಅಂದರೆ ತೇವ, ಗೊತ್ತಾಗುವುದಿಲ್ಲ ಈಗ. ಗೋಡೆಯ ಕೆಳಗಿನ ಎರಡು ಅಡಿಗೆ ಮಾತ್ರ ಹೊಸ ಪೈಂಟ್ ಬಳಿದಿದ್ದರೆ ಸಂಶಯ ಪಡಿ. ನಿಮ್ಮ ಹತ್ತಿರ ಊರವರ ಬಟ್ಟೆ ಇರುತ್ತದೆ, ಬೂಸ್ಟು ಹಿಡಿದರೆ ಯಾರು ಜವಾಬು?

ಬಸ್ಸು. ಸಿಟಿಯಲ್ಲಿ ಓಡುವುದು ಹೆಚ್ಚಿನದ್ದು ಪ್ರೈವೇಟ್, ಹೆಂಗಸರಿಗೆ ಇರುವ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ. ಬಿ.ಸಿ. ರೋಡಿನ ಹೈವೇಯಲ್ಲಿ ಪುತ್ತೂರು, ಧರ್ಮಸ್ಥಳ ಕಡೆಯ ಸರ್ಕಾರಿ ಬಸ್ಸು ಓಡುತ್ತದೆ. ನಿಲ್ಲಿಸುವ ಸ್ಟಾಪಿನ ಹತ್ತಿರ ಮನೆ ಮಾಡಿದರೆ ನಿಮ್ಮ ತಿಂಗಳ ಬಸ್ಸಿನ ದುಡ್ಡು ಉಳಿಯಿತು. ಬೆಳಿಗ್ಗೆ ಎಂಟೂವರೆಗೆ ಕಾಲಿಡಲಿಕ್ಕೆ ಜಾಗ ಇರುವುದಿಲ್ಲ, ಅದು ಬೇರೆ ಮಾತು. ನಾನು ಏಳೂವರೆಯದ್ದಕ್ಕೇ ಹೋಗುತ್ತೇನೆ. ಪಡೀಲ್ ದಾಟಿ ಈಚೆ ಹುಡುಕಿ. ಟು-ಲೆಟ್ ಬೋರ್ಡು ಹಾಕುವುದಿಲ್ಲ ಈ ಕಡೆ. ದಿನಸಿ ಅಂಗಡಿ, ಹಾಲಿನ ಡಿಪೋ, ರಿಕ್ಷಾ ಪಾರ್ಕು, ಈ ಮೂರು ಕಡೆ ಕೇಳಿದರೆ ಸಾಕು.

ಸೈಬರ್ ಮಾಣಿ:

ಸರ್ಕಾರದ ಮನೆ ಕೇಳಿದ್ದೀರಿ. ಫಾರಿನ್‌ನಲ್ಲಿ ಇರುವ ಹಾಗೆ, ಕಡಿಮೆ ಆದಾಯದವರಿಗೆ ಕರೆಂಟು ನೀರು ಸೇರಿಸಿ ಬಾಡಿಗೆಗೆ ಕೊಡುವ ಫ್ಲಾಟ್, ನಾಳೆ ಹೋಗಿ ಬೀಗದ ಕೈ ತರುವಂಥದ್ದು ಇಲ್ಲಿ ಇಲ್ಲ. ಯೋಜನೆಯ ಮಟ್ಟದಲ್ಲಿ ಉಂಟು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ನಗರದ ಪಿಎಂ ಆವಾಸ್ 2.0ದಲ್ಲಿ ನಾಲ್ಕು ದಾರಿ ಇದೆ. ಸ್ವಂತ ಜಾಗದಲ್ಲಿ ಕಟ್ಟುವುದು, ಫ್ಲಾಟ್ ಕೊಳ್ಳುವುದು, ಬಾಡಿಗೆ ಮನೆ, ಸಾಲದ ಬಡ್ಡಿಗೆ ಸಹಾಯ.

ವರ್ಷಕ್ಕೆ 3 ಲಕ್ಷದ ಒಳಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ. ನೀವು ಹೇಳಿದ ಲೆಕ್ಕ ಕೂಡಿಸಿ ನೋಡಿದೆ, ಮಳೆಗಾಲ ಬಿಟ್ಟರೆ ನಿಮ್ಮವರಿಗೆ ತಿಂಗಳಿಗೆ 18 ದಿನ ಕೆಲಸ ಅಂತ ಹಿಡಿದರೂ 3 ಲಕ್ಷ ಆಗುವುದಿಲ್ಲ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಇವರ ಹೆಸರಿನಲ್ಲಿ ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಊರಿನ ಮನೆ ಮಾವನ ಹೆಸರಿನಲ್ಲಿದ್ದರೆ ತೊಂದರೆ ಇಲ್ಲ, ಗಂಡನ ಹೆಸರಿಗೆ ಆಗಿದ್ದರೆ ಆಗುವುದಿಲ್ಲ. ಪಾಲಿಕೆಯಲ್ಲಿ ವಿಚಾರಿಸಿ ಅರ್ಜಿ ಹಾಕಿಡಿ. ಆದರೆ ಮೇ ತಿಂಗಳ ಸಮಸ್ಯೆಗೆ ಅದನ್ನು ನಂಬಬೇಡಿ.

ಹೊಲಿಗೆಮೆಷಿನ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೆಸ್ಟರ್ ಅಣ್ಣ ಬರೆದದ್ದನ್ನು ಗಂಡನಿಗೆ ಓದಿ ಹೇಳಿದೆ. "ಆರು ವರ್ಷ ಸುಮ್ನೆ ಕಟ್ಟಿದೆವಾ?" ಅಂದರು. 2023ರಿಂದ ಅಂತ ಸಮಾಧಾನ ಮಾಡಿದೆ. ಊರಿನ ಮನೆ ಮಾವನ ಹೆಸರಿನಲ್ಲೇ ಉಂಟು. ಭಾನುವಾರ ಪಡೀಲಿನಿಂದ ಆಚೆ ಹೋಗುತ್ತೇವೆ.

ಹೊಲಿಗೆಮೆಷಿನ್ (ಮೂರು ವಾರದ ಮೇಲೆ):

ಮನೆ ಸಿಕ್ಕಿತು! ಕಣ್ಣೂರಿನಲ್ಲಿ, ಪಾಲಿಕೆಯ ಒಳಗೇ. ಹೈವೇಯಿಂದ ಏಳು ನಿಮಿಷ ಇಳಿಜಾರು.

ಹೇಳಿದ್ದು ಹಾಲಿನ ಡಿಪೋದವರು. ಓನರ್ ಒಬ್ಬರು ವಯಸ್ಸಾದ ಬಾಯಮ್ಮ, ಮಕ್ಕಳು ಗಲ್ಫಿನಲ್ಲಿ. ದೊಡ್ಡ ಮನೆಯ ಪಕ್ಕ ಹೆಂಚಿನ ಸಣ್ಣ ಮನೆ. ಎರಡು ಕೋಣೆ, ಅಡುಗೆ ಮನೆ, ಹೊರಗೆ ಬಚ್ಚಲು. ಹೋದ ಕೂಡಲೇ ನಾನು ಮೀಟರ್ ಎಣಿಸಿದೆ. ಎರಡು! ಬಾಯಮ್ಮ, "ಎಂತ ಮಗಳೇ, ಮನೆ ನೋಡುವುದು ಬಿಟ್ಟು ಗೋಡೆ ನೋಡುತ್ತಿ?" ಅಂದರು. ಹಳೇ ಬಿಲ್ಲು ಕೇಳಿದ್ದಕ್ಕೆ ಬೈಬಲಿನ ಒಳಗೆ ಮಡಚಿಟ್ಟ ಬಿಲ್ಲು ತೆಗೆದು ಕೊಟ್ಟರು. ಆ ಮೀಟರಿಗೆ 71 ಯೂನಿಟ್ ಉಂಟು.

ಬಾಡಿಗೆ 6,000. ನೀರಿಗೆ ದುಡ್ಡಿಲ್ಲ, ಬಾವಿ. ಫರಂಗಿಪೇಟೆ ಅಕ್ಕ ಹೇಳಿದ ಹಾಗೆ ಸೇದಿ ಕುಡಿದೆ. ಸಿಹಿ, ತಣ್ಣಗೆ. ಪಂಪ್ ಅವರ ಮೀಟರಿನಲ್ಲಿ, ದಿನಕ್ಕೆ ಒಂದು ಸಲ ಟ್ಯಾಂಕ್ ತುಂಬಿಸಿ ಕೊಡುತ್ತಾರೆ, ಮುಗಿದರೆ ಸೇದಿಕೊಳ್ಳಬೇಕು. ಅಡ್ವಾನ್ಸ್ 20,000 ಅಂದರು. 12,000 ಈಗ, ಉಳಿದದ್ದು ದೀಪಾವಳಿಗೆ ಅಂತ ಒಪ್ಪಿದರು. ಸ್ಟಾಂಪ್ ಪೇಪರ್ ನಾವೇ ತಂದೆವು. ನೀವು ಯಾವ ಊರಿನವರು ಅಂತ ಕೇಳಿದರು. ಹಾವೇರಿ ಅಂದೆ. "ಅಲ್ಲಿ ಏಲಕ್ಕಿ ಮಾಲೆ ಮಾಡುತ್ತಾರಲ್ಲ?" ಅಂದರು. ಅಷ್ಟೇ. ಮಗಳಿಗೆ ಜೂನಿನಲ್ಲಿ ಶಾಲೆ ಬದಲಾಗುತ್ತದೆ, ಅದೊಂದು ಬೇಜಾರು ಅವಳಿಗೆ.

ಒಂದು ಸಿಕ್ಕು ಬಂತು. ಅರ್ಜಿ ಹಾಕಲಿಕ್ಕೆ ಹೋದರೆ ಆ ಮೀಟರಿಗೆ ಆಗಲೇ ಬೇರೆ ಆಧಾರ್ ಲಿಂಕ್ ಆಗಿದೆ ಅಂತ ತೋರಿಸಿತು. ಮೊದಲಿದ್ದ ಬಾಡಿಗೆಯವರದ್ದು. ಬಾಯಮ್ಮನ ಹತ್ತಿರ ನಂಬರ್ ಇತ್ತು, ಫೋನ್ ಮಾಡಿದೆ. ಅವರು ಈಗ ಉಡುಪಿಯಲ್ಲಿದ್ದಾರೆ. "ಅಯ್ಯೋ, ಅದಕ್ಕೇ ನನ್ನದು ಇಲ್ಲಿ ಹೊಸ ಮನೆಗೆ ತಗೊಳ್ಳುತ್ತಿಲ್ಲ!" ಅಂದರು. ಡಿ-ಲಿಂಕ್ ಮಾಡಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಸೇವಾ ಸಿಂಧುವಿನಲ್ಲಿ ಎಲ್ಲಿ ಅಂತ ನಾನೇ ಹೇಳಿಕೊಟ್ಟೆ. ಎರಡು ದಿನದ ಮೇಲೆ ನನ್ನ ಅರ್ಜಿ ತಗೊಂಡಿತು. ಮೊದಲ ತಿಂಗಳು ಪೂರ್ತಿ ಬಿಲ್ಲು ಬರಬಹುದು, ಇಟ್ಟುಕೊಂಡಿದ್ದೇನೆ.

ನಿನ್ನೆ ರಾತ್ರಿ ಹನ್ನೊಂದೂವರೆವರೆಗೆ ಹೊಲಿದೆ. ಯಾರೂ ಕೇಳಲಿಲ್ಲ.

ಈಗ ಇನ್ನೊಂದು ಪ್ರಶ್ನೆ. ಬಾವಿಯ ರಾಟೆ ಬೆಳಿಗ್ಗೆ ಐದಕ್ಕೆ ನೀರು ಸೇದುವಾಗ ನವಿಲಿನ ಹಾಗೆ ಕೂಗುತ್ತದೆ. ಬಾಯಮ್ಮ ಎದ್ದು ಕೂರುತ್ತಾರೆ. ಮೆಷಿನ್ ಎಣ್ಣೆ ಬಿಟ್ಟೆ, ಒಂದು ದಿನ ಸುಮ್ಮನಿತ್ತು, ಮತ್ತೆ ಶುರು. ಎಂತ ಹಾಕಬೇಕು?

ಟೆಸ್ಟರ್:

ಹೊಲಿಗೆ ಮೆಷಿನಿನ ಎಣ್ಣೆ ತೆಳು ಅಕ್ಕಾ, ನಿಲ್ಲುವುದಿಲ್ಲ. ಯಾವುದಾದರೂ ಗ್ಯಾರೇಜಿನಲ್ಲಿ ಸ್ವಲ್ಪ ಗ್ರೀಸ್ ಕೇಳಿ, ಸುಮ್ನೆ ಕೊಡುತ್ತಾರೆ. ಹಗ್ಗಕ್ಕೆ ತಾಗದ ಹಾಗೆ ನಡುವಿನ ಕಂಬಿಗೆ ಮಾತ್ರ ಹಚ್ಚಿ, ಇಲ್ಲದಿದ್ದರೆ ಕುಡಿಯುವ ನೀರಿಗೆ ಬೀಳುತ್ತದೆ.